ಕೆಂಪು ಟೋಪಿಯ ಮರಕುಟಿಗ ಗಂಡೋ, ಹೆಣ್ಣೋ?

ಜೂನ್ ಬಂತೆಂದರೆ ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಫೋಟೊ ಕಳಿಸಿ ಕೇಳುತ್ತಾರೆ: "ನಮ್ಮ ಹಿತ್ತಲಲ್ಲಿ ಹಕ್ಕಿಗಳಿಗೆ ತಿನಿಸಿಡುವ ಫೀಡರಿಗೆ ನೆತ್ತಿಯೆಲ್ಲ ಕೆಂಪಗಿರುವ ಮರಕುಟಿಗ ಬರುತ್ತಿದೆ. ಗಂಡೋ, ಬೇರೆ ಜಾತಿಯೋ?"

ಅದು ಗ್ರೇಟ್ ಸ್ಪಾಟೆಡ್ ವುಡ್‌ಪೆಕರ್‌ನ ಈ ವರ್ಷದ ಮರಿ. ಊರಲ್ಲಿ ತೆಂಗಿನ ಮರ ಕುಟ್ಟುವ ಹೊಂಬೆನ್ನಿನ ಮರಕುಟಿಗವನ್ನು ನೋಡಿ ಬೆಳೆದವರಿಗೆ ಗೊಂದಲ ಸಹಜ. ಅಲ್ಲಿ ನೆತ್ತಿ, ಜುಟ್ಟು ಪೂರ್ತಿ ಕೆಂಪಿದ್ದರೆ ಗಂಡು. ಇಲ್ಲಿ ಬೆಳೆದ ಗಂಡಿಗೆ ಹಿಂದಲೆಯಲ್ಲಷ್ಟೇ ಕೆಂಪು ಮಚ್ಚೆ, ಹೆಣ್ಣಿನ ತಲೆಯಲ್ಲಿ ಕೆಂಪೇ ಇಲ್ಲ. ಕೆಂಪು ಟೋಪಿ ಮರಿಗಳಿಗೆ ಮಾತ್ರ, ಗಂಡು ಹೆಣ್ಣು ಎರಡಕ್ಕೂ.

ಲೆಸ್ಸರ್ ಸ್ಪಾಟೆಡ್ ಎಂಬ ಇನ್ನೊಂದು ಜಾತಿಯ ಮರಕುಟಿಗ ಇರಬಹುದೇ ಎಂಬ ಅನುಮಾನವಿದ್ದರೆ ಗಾತ್ರ ನೋಡಿ. ಅದು ಗುಬ್ಬಿಯಷ್ಟು, ಬೆನ್ನಿನ ಮೇಲೆ ಏಣಿಯಂಥ ಬಿಳಿ ಅಡ್ಡಪಟ್ಟೆ, ಬ್ರಿಟನ್ನಿನಲ್ಲಿ ಈಗ ಬಲು ಅಪರೂಪ. ಗ್ರೇಟ್ ಸ್ಪಾಟೆಡ್ ಹೆಚ್ಚುಕಡಿಮೆ ಗೊರವಂಕದಷ್ಟು, ಭುಜದ ಮೇಲೆ ಎರಡು ದೊಡ್ಡ ಬಿಳಿ ಮಚ್ಚೆ.

ಗೂಡು ಬಿಟ್ಟ ಮೇಲೂ ಸುಮಾರು ಒಂದು ವಾರ ಮರಿ ತಾನಾಗಿ ತಿನ್ನುವುದು ಕಮ್ಮಿ. ಕಾಂಡಕ್ಕೆ ಅಂಟಿಕೊಂಡು ಕೂಗುತ್ತಿರುತ್ತದೆ. ಅಪ್ಪನೋ ಅಮ್ಮನೋ ಫೀಡರಿನಿಂದ ಕೊಬ್ಬಿನ ತುಣುಕು ಕಿತ್ತು ತಂದು ಅದರ ಬಾಯಿಗಿಡುತ್ತದೆ. ಆಮೇಲೆ ಮರಿಯೇ ಬಂದು ತೂಗಾಡುವ ತಂತಿಯ ಫೀಡರಿಗೆ ಎಗರಿದರೆ ಜಾರುತ್ತದೆ. ಮರಕುಟಿಗ ಕೂರುವುದು ಕಾಲಿನ ಬಲದಿಂದ ಮಾತ್ರವಲ್ಲ, ಬಿರುಸು ಬಾಲವನ್ನು ಆನಿಸಿ. ಆನಿಸಲು ಜಾಗ ಕೊಡಿ: ಸುಮಾರು 40 ಸೆಂ.ಮೀ. ಉದ್ದದ ಒರಟು ಹಲಗೆಯ ಮೇಲ್ಭಾಗಕ್ಕೆ ಫೀಡರ್ ಬಿಗಿದು, ಕೆಳಗೆ 20 ಸೆಂ.ಮೀ. ಖಾಲಿ ಬಿಟ್ಟು ಕಂಬಕ್ಕೆ ಅಲುಗಾಡದಂತೆ ಕಟ್ಟಿದರೆ ಸಾಕು.

ಬೇಸಿಗೆಯಲ್ಲಿ ಕೆಡುವುದು ಕೊಬ್ಬೇ. ಬಿಸಿಲಿಗೆ ಕರಗಿ ಗರಿಗೆ ಮೆತ್ತಿಕೊಳ್ಳುತ್ತದೆ, ಹಳಸಿ ಮುಗ್ಗುತ್ತದೆ. ನೆರಳಲ್ಲಿಟ್ಟು, ಅಂದಂದಿಗೆ ಖಾಲಿಯಾಗುವಷ್ಟೇ ಹಾಕಿ. ಇಡೀ ಕಡಲೆಕಾಯಿ ಬೀಜವನ್ನು ಬಿಡಿಯಾಗಿ ಚೆಲ್ಲಬೇಡಿ. ಎಳೆಮರಿಗಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಕಲೇಬೇಕೆಂದರೆ ಹಕ್ಕಿ ಕುಕ್ಕಿ ಚೂರು ಮಾತ್ರ ತೆಗೆಯುವಂಥ ಸಣ್ಣ ಕಣ್ಣಿನ ಜಾಲರಿಯಲ್ಲಿ, ಉಪ್ಪು ಹಾಕದ್ದು, ಅಫ್ಲಾಟಾಕ್ಸಿನ್ ಪರೀಕ್ಷೆಯಾದದ್ದು. ಬೂಸ್ಟು ಹಿಡಿದ ಬೀಜದಲ್ಲಿ ಹುಟ್ಟುವ ಈ ವಿಷ ಹಕ್ಕಿಯನ್ನು ಕೊಲ್ಲುತ್ತದೆ. ವಾರಕ್ಕೊಮ್ಮೆ ಫೀಡರ್ ಉಜ್ಜಿ ತೊಳೆದು, ಪೂರ್ತಿ ಒಣಗಿಸಿಯೇ ತುಂಬಿ.

ಕಿಟಕಿಯ ವಿಷಯ ಮರೆಯಬೇಡಿ. ಹಾರಾಟ ಪಳಗದ ಮರಿ ಗಾಜಿಗೆ ಬಡಿದುಕೊಳ್ಳುತ್ತದೆ. ಫೀಡರ್ ಗಾಜಿನಿಂದ ಒಂದು ಮೀಟರಿನೊಳಗಿರಲಿ, ಇಲ್ಲವೇ ಹತ್ತು ಮೀಟರಿಗೂ ಆಚೆ.

ಶರತ್ಕಾಲದ ಹೊತ್ತಿಗೆ ಕೆಂಪು ಗರಿ ಉದುರಿ ನೆತ್ತಿ ಕಪ್ಪಾಗುತ್ತದೆ. ಗಂಡೋ ಹೆಣ್ಣೋ ಎಂದು ಆಗ ಹಿಂದಲೆ ನೋಡಿ ಹೇಳಬಹುದು.