ಮೂರನೇ ಕ್ಯಾಮ್ ಬಂತು

ಪೀಣ್ಯದ ವರ್ಕ್‌ಶಾಪಿನಿಂದ ಮೂರನೇ ಕ್ಯಾಮ್‌ಶಾಫ್ಟ್ ಬಂದಿದೆ. ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ದಂಡ ಇದು; ಆ ಉಬ್ಬುಗಳೇ ಲೋಬ್. ಎಣ್ಣೆ ಸವರಿ, ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದಾರೆ. ಮನೆಯಲ್ಲಿ ನೋಡಿದವರು "ಮತ್ತೊಂದಾ?" ಅಂದರು. ಹೌದು, ಮತ್ತೊಂದು.

ಗಾಡಿ ಅದೇ, ಮಣ್ಣಿನ ಟ್ರ್ಯಾಕಿಗೆ ಅಂತ ಕಟ್ಟುತ್ತಿರುವ ಹಳೇ ಮಾರುತಿ ಎಸ್ಟೀಮ್. ಎಂಜಿನ್ ಜಿ13ಬಿಬಿ: 74 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75.5 ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 1298 ಸಿಸಿ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಓಡಿದ ಫಾರ್ಮುಲಾ ಎಲ್‌ಜಿಬಿ ರೇಸ್ ಗಾಡಿಗಳಲ್ಲಿ ಇದ್ದದ್ದೂ ಮಾರುತಿಯ 1.3 ಎಂಜಿನ್ನೇ. ಹಾಗಾಗಿ ನಾನೇನೂ ಹೊಸ ದಾರಿ ಹುಡುಕುತ್ತಿಲ್ಲ. ವಾಲ್ವ್ 16, ಆದರೆ ಕ್ಯಾಮ್ ಒಂದೇ. ತಲೆನೋವು ಇರೋದೇ ಇಲ್ಲಿ. ಎರಡು ಕ್ಯಾಮ್ ಇದ್ದರೆ ಪುಲ್ಲಿ ತಿರುಗಿಸಿ ಇನ್‌ಟೇಕ್ (ಒಳಬರುವ ಕಡೆ), ಎಕ್ಸಾಸ್ಟ್ (ಹೊಗೆ ಹೊರಹೋಗುವ ಕಡೆ) ಎರಡನ್ನೂ ಬೇರೆ ಬೇರೆ ಹೊಂದಿಸಬಹುದು. ಒಂದೇ ಆದರೆ ಎರಡು ಲೋಬ್‌ಗಳ ನಡುವಿನ ಕೋನ ಗ್ರೈಂಡಿಂಗ್ ಆದ ದಿನವೇ ಕಾಯಂ.

ಮೊದಲನೇ ಕ್ಯಾಮಿನ ಕಥೆ ಹೇಳೋಕೆ ನಾಚಿಕೆ. 284 ಡಿಗ್ರಿ ಡ್ಯೂರೇಶನ್ (ವಾಲ್ವ್ ತೆರೆದಿರುವ ಅವಧಿ), ಲೋಬ್ ಕೋನ 106. ಲೆಕ್ಕ ಹಾಕಿ: ಡ್ಯೂರೇಶನ್‌ನಿಂದ ಕೋನದ ಎರಡರಷ್ಟು ಕಳೆದರೆ 72 ಡಿಗ್ರಿ ಓವರ್‌ಲ್ಯಾಪ್. ಅಷ್ಟು ಹೊತ್ತು ಎರಡೂ ಕಡೆಯ ವಾಲ್ವ್ ಒಟ್ಟಿಗೆ ತೆರೆದಿರುತ್ತವೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇರುವಾಗ, ಇನ್‌ಟೇಕ್ ವ್ಯಾಕ್ಯೂಮ್ ಬಿದ್ದುಹೋಯಿತು. ಇನ್‌ಟೇಕ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಪಾಪ ಲೋಡ್ ಜಾಸ್ತಿ ಇದೆ ಅಂದುಕೊಂಡು ಪೆಟ್ರೋಲ್ ಸುರಿಸಿತು. 5,500 ಆರ್‌ಪಿಎಂ ತನಕ ದಮ್ಮೇ ಇಲ್ಲ. ಮಣ್ಣಿನಲ್ಲಿ ತಿರುವಿನಿಂದ ಹೊರಬರುವಾಗ ಎಂಜಿನ್ ಮೂರೂವರೆ ಸಾವಿರದಲ್ಲಿ ಇರುತ್ತದೆ. ಆ ಕ್ಯಾಮ್ ಎಚ್ಚರವಾಗುವ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತಿತ್ತು.

ಎರಡನೆಯದರಲ್ಲಿ ತಪ್ಪು ನನ್ನದು ಅರ್ಧ, ವರ್ಕ್‌ಶಾಪಿನದು ಅರ್ಧ. ಡ್ಯೂರೇಶನ್ ಅಳೆಯೋದು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಡಿಗ್ರಿಯಲ್ಲಿ, ಲೋಬ್ ಕೋನ ಕ್ಯಾಮ್ ಡಿಗ್ರಿಯಲ್ಲಿ. ಕ್ಯಾಮ್ ಒಂದು ಸುತ್ತು ಹಾಕುವಾಗ ಕ್ರ್ಯಾಂಕ್ ಎರಡು ಸುತ್ತು. ನಾನು ಪಟ್ಟಿಯಲ್ಲಿ ಯಾವುದು ಏನು ಅಂತ ಬರೆದಿರಲಿಲ್ಲ. ಅವರು ಕೇಳಲಿಲ್ಲ. ಬಂದದ್ದು ಗುಜರಿಗೆ ಹೋಯಿತು.

ಈ ಸಲ ಗಾಡಿಗೆ ಬೇಕಾದದ್ದನ್ನೇ ಕೇಳಿದೆ: 264 ಡಿಗ್ರಿ, ಕೋನ 108, ಓವರ್‌ಲ್ಯಾಪ್ 48. ಆದರೆ ಲೋಬಿನ ಆಕಾರದಲ್ಲಿ ಸಿಕ್ಕಿಬಿದ್ದೆ. ವಾಲ್ವ್ ಬೇಗ ಮೇಲೇಳಲಿ ಅಂತ ಪಕ್ಕವನ್ನು ಚುರುಕಾಗಿ ಬರೆದಿದ್ದೆ. ರಾಕರ್ (ಲೋಬ್, ವಾಲ್ವ್ ನಡುವಿನ ಸನ್ನೆ) ಇರುವ ಎಂಜಿನ್‌ನಲ್ಲಿ ಹಾಗೆ ಮಾಡಿದರೆ ಲೋಬಿನ ಪಕ್ಕ ಸ್ವಲ್ಪ ಒಳಗೆ ಬಾಗುತ್ತದೆ, ದೋಸೆ ಕಾವಲಿಯ ನಡುಭಾಗದ ಹಾಗೆ. ಒಳಬಾಗಿನ ರೇಡಿಯಸ್ ನನ್ನ ಚಿತ್ರದಲ್ಲಿ 140 ಮಿ.ಮೀ. ಇತ್ತು. ಅವರ ಗ್ರೈಂಡಿಂಗ್ ಚಕ್ರದ ರೇಡಿಯಸ್ 200ರ ಹತ್ತಿರ. ದೊಡ್ಡ ಚಕ್ರ ಚಿಕ್ಕ ಹಳ್ಳದೊಳಗೆ ಕೂರೋದು ಹೇಗೆ? ಮಷಿನ್ ಮುಂದೆ ನಿಂತಿದ್ದ ಹಿರಿಯರು ಚಿತ್ರ ನೋಡಿದವರೇ ಇದನ್ನು ಹೇಳಿದರು. ನಾನು ಎರಡು ತಿಂಗಳು ಸಾಫ್ಟ್‌ವೇರ್ ಮುಂದೆ ಕೂತಿದ್ದರೂ ಹೊಳೆದಿರಲಿಲ್ಲ. ಪಕ್ಕವನ್ನು ಮೆತ್ತಗೆ ಮಾಡಿ ಮತ್ತೆ ಬರೆದೆ. ಸ್ಪ್ರಿಂಗ್‌ಗೂ ಅದೇ ಒಳ್ಳೆಯದು. 7,500 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 62 ಸಲಕ್ಕೂ ಜಾಸ್ತಿ ತೆರೆದು ಮುಚ್ಚುತ್ತದೆ.

ಶನಿವಾರ ಪೂರ್ತಿ ಅಳತೆಗೇ ಹೋಯಿತು. ಕ್ರ್ಯಾಂಕಿಗೆ ಡಿಗ್ರಿ ಚಕ್ರ, ವಾಲ್ವಿನ ಮೇಲ್ತುದಿಗೆ ಡಯಲ್ ಗೇಜ್. ಕಾಗದದ ಲೆಕ್ಕದಲ್ಲಿ ವಾಲ್ವ್ ಲಿಫ್ಟ್ (ವಾಲ್ವ್ ತೆರೆಯುವ ದೂರ) 9.6 ಮಿ.ಮೀ. ಗೇಜ್ ತೋರಿಸಿದ್ದು 9.3. ಲಿಫ್ಟಿನ ತುತ್ತತುದಿ ಕೂಡ ಮೂರು ಡಿಗ್ರಿ ತಡ. ಎರಡು ಸಲ ಅಳೆದೆ, ಅಷ್ಟೇ ಬಂತು. ಆಮೇಲೆ ಕಾರಣ ಗೊತ್ತಾಯಿತು. ಹಳೇ ಕ್ಯಾಮನ್ನೇ ಮತ್ತೆ ಅರೆದಿರೋದರಿಂದ ಲಿಫ್ಟ್ ಏರಿಸಲು ಬೇಸ್ ಸರ್ಕಲ್ (ಲೋಬಿನ ಉಬ್ಬಿಲ್ಲದ ದುಂಡು ಭಾಗ) ಇಳಿಸಬೇಕು. ರಾಕರ್ ಕೆಳಗೆ ಇಳಿಯುತ್ತದೆ, ಅದರ ಗ್ಯಾಪ್ ಹೊಂದಿಸುವ ಸ್ಕ್ರೂ ಹೊರಗೆ ಬರುತ್ತದೆ, ಲೋಬ್ ಮುಟ್ಟುವ ಜಾಗವೇ ಬದಲಾಗುತ್ತದೆ. ರಾಕರ್ ಅನುಪಾತ (ಲೋಬಿನ ಎತ್ತರ ವಾಲ್ವ್ ಹತ್ತಿರ ಎಷ್ಟು ಪಟ್ಟಾಗುತ್ತದೆ ಅನ್ನೋದು) ಒಂದೇ ಅಂಕಿ ಅಂತ ನಂಬಿ ಲೆಕ್ಕ ಹಾಕಿದ್ದೆ. ಅದು ತಿರುಗುತ್ತಾ ತಿರುಗುತ್ತಾ ಬದಲಾಗುತ್ತದೆ. ಇನ್ನು ಮೇಲೆ ಲೋಬಿನ ಅಳತೆ ಯಾರಾದರೂ ಹೇಳಿದರೆ ನಾನು ಕೇಳೋದು ಒಂದೇ: ವಾಲ್ವ್ ಹತ್ತಿರ ಎಷ್ಟು?

0.3 ಮಿ.ಮೀ. ಬಿಟ್ಟುಬಿಟ್ಟೆ. ಪುಲ್ಲಿಯ ರಂಧ್ರ ಉದ್ದ ಮಾಡಿ ಮೂರು ಡಿಗ್ರಿ ಸರಿಪಡಿಸಿದೆ. ಪಿಸ್ಟನ್ ಮೇಲೆ ಮಕ್ಕಳ ಆಟದ ಜೇಡಿ ಇಟ್ಟು, ಕೈಯಿಂದ ಎರಡು ಸುತ್ತು ತಿರುಗಿಸಿ, ಕತ್ತರಿಸಿ ನೋಡಿದೆ. ವಾಲ್ವ್‌ಗೂ ಪಿಸ್ಟನ್‌ಗೂ ನಡುವೆ ಇನ್‌ಟೇಕ್ ಕಡೆ 1.9 ಮಿ.ಮೀ. ಉಳಿದಿದೆ, ಎಕ್ಸಾಸ್ಟ್ ಕಡೆ 2.3. ನೆಮ್ಮದಿ. ಮಗಳು ಜೇಡಿ ವಾಪಸ್ ಕೇಳಿದಳು, ಗ್ರೀಸ್ ನೋಡಿ ಬೇಡ ಅಂದಳು.

ಭಾನುವಾರ ಮೊದಲ ಸ್ಟಾರ್ಟ್. ಲೋಬ್‌ಗಳಿಗೆ ಅಸೆಂಬ್ಲಿ ಪೇಸ್ಟ್, ಜಿಂಕ್ ಜಾಸ್ತಿ ಇರುವ ಆಯಿಲ್. ಹೊಸ ಲೋಬ್ ಐಡಲ್‌ನಲ್ಲಿ ನಿಲ್ಲಬಾರದು, ಆಯಿಲ್ ಸಾಲದೆ ಉಜ್ಜಿಹೋಗುತ್ತದೆ. ಹಾಗಾಗಿ ಹತ್ತಿದ ಕೂಡಲೇ 2,000 ಆರ್‌ಪಿಎಂ, ಇಪ್ಪತ್ತು ನಿಮಿಷ. ಪಕ್ಕದ ಮನೆಯವರು ಗೇಟಿನ ತನಕ ಬಂದು ನೋಡಿ ಹೋದರು.

ಈಗ 1,100ರಲ್ಲಿ ಐಡಲ್ ನಿಲ್ಲುತ್ತಿದೆ, ಸ್ವಲ್ಪ ಕುಣಿತ ಇದ್ದೇ ಇದೆ. ಮೂರು ಸಾವಿರದಿಂದಲೇ ಎಳೆತ ಸಿಗುತ್ತಿದೆ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಅಂಕಿ ಇಲ್ಲ, ಇದು ಬರೀ ಕಾಲಿನ ಲೆಕ್ಕ. ಕವರ್ ತೆಗೆದು ನೋಡಿದಾಗ ಎರಡನೇ ಸಿಲಿಂಡರಿನ ಎಕ್ಸಾಸ್ಟ್ ಲೋಬ್ ಮೇಲೆ ಕೂದಲೆಳೆಯಷ್ಟು ಗೀರು ಕಂಡಿತು. ಉಗುರಿಗೆ ತಾಗುತ್ತಿಲ್ಲ. ಫೋಟೋ ತೆಗೆದಿಟ್ಟು ಕವರ್ ಹಾಕಿದ್ದೇನೆ. ಇನ್ನೂ ಒಂದು ಗಂಟೆ ಓಡಿಸಿ ಮತ್ತೆ ತೆಗೆದು ನೋಡಬೇಕು.