ಬಲ್ಬ್ ಒತ್ತಿದರೆ ಓಡುವ ಮೋಟರ್

ಶನಿವಾರ, 15 ನವೆಂಬರ್ 2025

ದೋಣಿಯ ಹಿಂಬದಿಗೆ ಕಟ್ಟುವ ಹಳೇ ಔಟ್‌ಬೋರ್ಡ್ ಮೋಟರ್ ಮತ್ತೆ ಹಟ ಹಿಡಿದಿದೆ. ಸ್ಟಾರ್ಟ್ ಆಗುತ್ತದೆ, ಅದರಲ್ಲಿ ತಕರಾರಿಲ್ಲ. ನಿಧಾನಕ್ಕೆ ಹೋದರೆ ಗುರುಗುಟ್ಟಿಕೊಂಡು ಹೇಗೋ ಹೋಗುತ್ತದೆ. ಥ್ರಾಟಲ್ ಪೂರ್ತಿ ತಿರುಗಿಸಿದರೆ ಮಾತ್ರ ಸ್ವಲ್ಪ ದೂರ ಚೆನ್ನಾಗಿ ಎಳೆದು, ಆಮೇಲೆ ಸೊರಗಿ ಸೊರಗಿ ನಿಂತೇ ಹೋಗುತ್ತದೆ. ನೋಡಿದವರೆಲ್ಲ ಹೇಳುವುದು ಒಂದೇ: ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ತೊಳೀರಿ. ಅದಾದ ಮೇಲೆ, ಇದನ್ನ ಗುಜರಿಗೆ ಹಾಕಿ ಹೊಸ ಫೋರ್ ಸ್ಟ್ರೋಕ್ ಇಂಜಿನ್ ತಗೊಳ್ಳಿ ಅಂತ. ಯಾರ ದುಡ್ಡಲ್ಲಿ ಅಂತ ಯಾರೂ ಹೇಳುವುದಿಲ್ಲ.

ಕೊನೆಗೆ ಮಾವನಿಗೆ ಫೋನ್ ಮಾಡಿದೆ. ದೋಣಿಯನ್ನು ದಡಕ್ಕೆ ಗಟ್ಟಿಯಾಗಿ ಕಟ್ಟಿ, ಗೇರ್ ಹಾಕಿ, ಸಣ್ಣವನ ಕೈಗೆ ಫೋನ್ ಕೊಟ್ಟು ಇಂಜಿನ್ ಹತ್ತಿರ ಹಿಡಿಸಿದೆ. ಮಾವ ಒಂದಷ್ಟು ಹೊತ್ತು ಏನೂ ಮಾತಾಡದೆ ಕೇಳಿಸಿಕೊಂಡರು.

“ಸ್ಪ್ಯಾನರ್ ಕೆಳಗಿಡು ಮೊದಲು.”

ನನ್ನ ಕೈಯಲ್ಲಿ ಸ್ಪ್ಯಾನರ್ ಇದ್ದದ್ದು ಅವರಿಗೆ ಹೇಗೆ ಗೊತ್ತಾಯಿತೋ!

“ಅದು ನಿಲ್ಲೋಕೆ ಹೊರಟಾಗ ಪೈಪಲ್ಲಿರೋ ಬಲ್ಬ್ ಒತ್ತು.”

ಟ್ಯಾಂಕ್‌ನಿಂದ ಬರುವ ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಉಂಡೆ ಅದು, ಕೈಯಲ್ಲಿ ಒತ್ತಿದರೆ ಪೆಟ್ರೋಲ್ ಮುಂದಕ್ಕೆ ತಳ್ಳುತ್ತದೆ. ಒತ್ತಿದೆ. ತಕ್ಷಣ ಇಂಜಿನ್ ದನಿ ಏರಿತು. ಬಿಟ್ಟೆ, ಮತ್ತೆ ಸೊರಗಿತು. ಒತ್ತುತ್ತಾ ಇದ್ದಷ್ಟು ಹೊತ್ತೂ ಸರಿಯಾಗಿ ಓಡಿತು.

“ಗೊತ್ತಾಯ್ತಲ್ಲ, ಪೆಟ್ರೋಲ್ ಸಾಲ್ತಿಲ್ಲ ಅದಕ್ಕೆ. ಈಗ ಹೇಳು, ಬಲ್ಬ್ ಹೇಗಿದೆ? ಚಪ್ಪಟೆ ಆಗ್ತಿದೆಯಾ, ಮೆತ್ತಗಿದೆಯಾ, ಗಟ್ಟಿ ಇದೆಯಾ?”

ಇದನ್ನು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಬಲ್ಬ್ ತಾನಾಗಿ ಚಪ್ಪಟೆಯಾದರೆ ಅಡ್ಡಿ ಇರುವುದು ಟ್ಯಾಂಕ್ ಕಡೆಗೆ, ಮುಚ್ಚಳದ ಗಾಳಿ ಸ್ಕ್ರೂ ತೆರೆದಿಲ್ಲ ಅಥವಾ ಒಳಗಿನ ಜಾಲರಿಯಲ್ಲಿ ಕಸ ಕಟ್ಟಿದೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ. ಗಟ್ಟಿಯಾಗಿ ನಿಂತೂ ಇಂಜಿನ್ ಸೊರಗಿದರೆ ಅನುಮಾನ ಇಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ. ನಮ್ಮದು ಗಟ್ಟಿಯಾಗಿಯೇ ಇತ್ತು.

ಪಂಪ್ ಬಿಚ್ಚಿದೆ. ಒಳಗಿನ ಡಯಾಫ್ರಮ್, ತೆಳ್ಳನೆ ಹಾಳೆ ಅಷ್ಟೇ, ಒಣಗಿ ಸೆಟೆದುಕೊಂಡಿತ್ತು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಇಂಜಿನ್ನಿನ ಹೊಟ್ಟೆಯಲ್ಲಿ ಒತ್ತಡ ಏರಿಳಿದ ಹಾಗೆ ಇದು ಅಲ್ಲಾಡಿ ಪೆಟ್ರೋಲ್ ತಳ್ಳಬೇಕು. ಸೆಟೆದರೆ ಏನು ತಳ್ಳುತ್ತದೆ? ಇಂಥದ್ದಕ್ಕೆ ಕಾರ್ಬ್ಯುರೇಟರ್ ಎಷ್ಟು ತೊಳೆದರೂ ಅಷ್ಟೇ. ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್‌ಗೆ ತಂತಿ ತೂರಿಸಿ ತೂತು ದೊಡ್ಡದು ಮಾಡಿ ಕೊಡುವವರೂ ಇದ್ದಾರೆ, ಅದು ಬೇರೆ ವಿಷಯ.

ಮಾವನ ದನಿ ತುಂಬಾ ಸಣ್ಣಗಾಗಿದೆ. ಆಪರೇಷನ್ ಆದ ಮೇಲೆ ಅವರು ನೀರಿಗೆ ಇಳಿದಿಲ್ಲ. ಮಧ್ಯೆ ಒಮ್ಮೆ ಕೆಮ್ಮು ಬಂದು ಅತ್ತೆ ಫೋನ್ ಕಿತ್ತುಕೊಂಡರು, ಬೈದರು, ನನಗೋ ಅವರಿಗೋ ತಿಳಿಯಲಿಲ್ಲ. ಎರಡು ನಿಮಿಷಕ್ಕೆ ಮಾವನೇ ವಾಪಸ್ ಫೋನ್ ಮಾಡಿ, “ಪ್ಲಗ್ ಎರಡೂ ತೆಗೆದು ನೋಡಿದ್ಯಾ?” ಅಂದರು. ಹುಷಾರಾಗಿದ್ದೀರಾ ಅಂತ ಕೇಳಬೇಕು ಅಂತಿದ್ದೆ, ಪ್ಲಗ್ ಬಗ್ಗೆ ಹೇಳಿದೆ.

ಸಿಲಿಂಡರ್ ಎರಡು, ಒಂದೊಂದಕ್ಕೂ ಕಿಡಿ ಹಾರಿಸುವ ಒಂದು ಪ್ಲಗ್. ಮೇಲಿನ ಪ್ಲಗ್ ಕಂದು ಬಣ್ಣಕ್ಕಿದೆ, ಆರೋಗ್ಯವಾಗಿದೆ. ಕೆಳಗಿನದು ಕಪ್ಪಗೆ, ಒದ್ದೆ. ಪಂಪಿಗೆ ಒತ್ತಡ ಕೆಳಗಿನ ಸಿಲಿಂಡರ್‌ನಿಂದಲೇ ಬರುವುದಾದರೆ, ಬಿರುಕಿನ ಮೂಲಕ ಪೆಟ್ರೋಲ್ ಸೀದಾ ಅಲ್ಲಿಗೇ ಸೋರುತ್ತಿರಬಹುದು ಅನ್ನುವುದು ಮಾವನ ಲೆಕ್ಕ. ಡಯಾಫ್ರಮ್ ಬದಲಾಯಿಸಿದರೆ ಎರಡೂ ಕಾಯಿಲೆ ಒಟ್ಟಿಗೇ ಹೋಗಬೇಕು. ಇಲ್ಲದಿದ್ದರೆ ಪ್ಲಗ್‌ಗಳನ್ನು ಅದಲು ಬದಲು ಮಾಡಿ, ಒದ್ದೆಯಾಗುವುದು ಪ್ಲಗ್ ಜೊತೆ ಮೇಲೆ ಹೋಗುತ್ತದಾ ಅಥವಾ ಕೆಳಗೇ ಉಳಿಯುತ್ತದಾ ನೋಡಬೇಕು. ಕೆಳಗೇ ಉಳಿದರೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಮೇಲೆ ಅನುಮಾನ. ಕಾಯಿಲ್ ಕೂಡ ಸರಿ ಇದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಕಟ್ಟುವ ಒತ್ತಡ.

ಅದನ್ನು ಹೇಳುವಾಗ ಮಾವ ಸ್ವಲ್ಪ ತಡೆದರು. ಒತ್ತಡ ಅಳೆಯುವ ಗೇಜ್‌ನಲ್ಲಿ ಬರುವ ಸಂಖ್ಯೆ ಇಂಜಿನ್‌ನಿಂದ ಇಂಜಿನ್‌ಗೆ ಬೇರೆ, ಅದಕ್ಕೆ ಹೆದರಬೇಡ, ಎರಡು ಸಿಲಿಂಡರ್‌ಗಳ ನಡುವೆ ಶೇಕಡ 10, 15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮಾತ್ರ ನನಗೆ ಹೇಳು ಅಂದರು.

ಗೇಜ್ ಸಂಜೆಯೇ ಕೈಗೆ ಬಂದಿದೆ. ಪಕ್ಕದವರದು, ನಾಳೆ ವಾಪಸ್ ಕೊಡಬೇಕು. ಇನ್ನೂ ಹಾಕಿ ನೋಡಿಲ್ಲ. ಡಯಾಫ್ರಮ್ ಬರಲಿ, ಅದರ ಮೇಲೆ ನೋಡೋಣ ಅಂತ ಸಣ್ಣವನಿಗೆ ಹೇಳಿದೆ. ಅವನು ಕೇಳಿದ, ಈಗಲೇ ನೋಡಿದರೆ ಏನಾಗುತ್ತೆ? ಏನೂ ಆಗಲ್ಲ, ಸುಮ್ನೆ ಗೊತ್ತಾಗುತ್ತೆ ಅಷ್ಟೇ, ಆದರೆ ವ್ಯತ್ಯಾಸ ಜಾಸ್ತಿ ಬಂದರೆ ಅದನ್ನ ಮಾವನಿಗೆ ಹೇಳಬೇಕಾಗುತ್ತೆ.