ಹೌದು, ಸ್ಕೀಯಿಂಗ್‌ಗೇ

"ಗುರುವಾರದವರೆಗೂ ಇರಬಹುದಲ್ಲ?"

"ಇಲ್ಲ, ಇವತ್ತು ಸಂಜೆ ಹೊರಡ್ತೀನಿ. ಮಕ್ಕಳಿಗೆ ಸ್ಕೀ ರಜೆ."

"ಬರೀ ಸ್ಕೀಯಿಂಗ್‌ಗಾ?"

"ಹೌದು, ಸ್ಕೀಯಿಂಗ್‌ಗೇ."

ಮಂಗಳವಾರ ಮಧ್ಯಾಹ್ನ ಬಾರ್ಸಿಲೋನಾದ ಟೆಲಿಕಾಂ ಮೇಳದಲ್ಲಿ ನಡೆದ ಮಾತು ಇಷ್ಟೇ. ಕೇಳಿದವರು ನಮ್ಮ ದೊಡ್ಡ ಗ್ರಾಹಕರ ಕಡೆಯವರು, ಹೇಳಿದವನು ನನ್ನ ಫಿನ್ನಿಶ್ ಸಹೋದ್ಯೋಗಿ. ಹೇಳಿ ಮುಗಿಸಿ ನೀರು ಕುಡಿದ. ಕ್ಷಮಿಸಿ ಅನ್ನಲಿಲ್ಲ, ಹೆಂಡತಿ ಬೈತಾಳೆ ಅಂತ ನಗಲಿಲ್ಲ. ಆ ಗ್ರಾಹಕರೂ ತಲೆಯಾಡಿಸಿ, "ಹಾಗಾದ್ರೆ ಗುರುವಾರ ಇಲ್ಲಿ ಯಾರಿರ್ತಾರೆ?" ಅಂತ ಮುಂದಕ್ಕೆ ಹೋದರು. ಪಕ್ಕದಲ್ಲೇ ನಿಂತಿದ್ದ ನಾನೂ ಅದೇ ಸಂಜೆ ಹೊರಡುವವನೇ. ನನ್ನನ್ನು ಕೇಳಿದರೆ ಹೇಳೋಣ ಅಂತ "ಮನೆಯಲ್ಲಿ ಸ್ವಲ್ಪ ಕೆಲಸ ಇದೆ" ಎಂಬ ಮಾತು ಬಾಯಲ್ಲಿ ತಯಾರಾಗಿ ಕೂತಿತ್ತು. ಯಾರೂ ಕೇಳಲಿಲ್ಲ.

ಇವತ್ತು ಶನಿವಾರ. ಆ ನಾಲ್ಕು ಸಾಲು ಇನ್ನೂ ತಲೆಯಿಂದ ಹೋಗಿಲ್ಲ.

ನಾವಿರುವುದು ಫಿನ್‌ಲ್ಯಾಂಡಿನ ಔಲುವಿನಲ್ಲಿ. ಬಾಲ್ಟಿಕ್ ಸಮುದ್ರ ಉತ್ತರಕ್ಕೆ ಚಾಚಿ ಮುಗಿಯುವ ಕಡೆ, ದಂಡೆಯ ಮೇಲಿರುವ ಊರು. ಮೊಬೈಲ್ ನೆಟ್‌ವರ್ಕ್ ಕೆಲಸದವರಿಗೆ ಇದು ಗೊತ್ತಿರುವ ಹೆಸರು, ಬೆಂಗಳೂರಿನಿಂದ ಬಂದವರೂ ಸಾಕಷ್ಟಿದ್ದೇವೆ. ಇಲ್ಲಿನ ಶಾಲೆಗಳಿಗೆ ಚಳಿಗಾಲದಲ್ಲಿ ಒಂದು ವಾರ ರಜೆ. ಹೀಹ್ತೊಲೊಮ ಅಂತಾರೆ, ಸ್ಕೀ ರಜೆ. ಇಡೀ ದೇಶಕ್ಕೆ ಒಟ್ಟಿಗೆ ಕೊಟ್ಟರೆ ಬೆಟ್ಟಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲವೆಂದು ಹಂಚಿಕೊಂಡಿದ್ದಾರೆ. ಹೆಲ್ಸಿಂಕಿ ಕಡೆಯವರಿಗೆ ವರ್ಷದ 8ನೇ ವಾರ, ತಾಂಪೆರೆ ಕಡೆಯವರಿಗೆ 9, ಉತ್ತರದ ನಮಗೆ 10. ಬಾರ್ಸಿಲೋನಾದ ಆ ಮೇಳದ ಹೆಸರು ಮೊಬೈಲ್ ವರ್ಲ್ಡ್ ಕಾಂಗ್ರೆಸ್, ಅದು ಅಲ್ಲಿ ನೆಲೆಯೂರಿದ್ದು 2006ರಲ್ಲಿ. ಜಗತ್ತಿನ ಟೆಲಿಕಾಂ ಮಂದಿ ಲಕ್ಷದ ಲೆಕ್ಕದಲ್ಲಿ ಸೇರುವ ಆ ಜಾತ್ರೆ 2025ರಲ್ಲೂ ಈ ವರ್ಷವೂ ಸರಿಯಾಗಿ 10ನೇ ವಾರಕ್ಕೇ ಬಂದು ಕೂತಿತು. ಔಲುವಿನ ಟೆಲಿಕಾಂ ಮನೆಗಳಲ್ಲಿ ಈ ವಾರ ಅಪ್ಪನೋ ಅಮ್ಮನೋ ಸ್ಪೇನಿನಲ್ಲಿ, ಮಕ್ಕಳು ಹಿಮದಲ್ಲಿ.

ಅದನ್ನು ನಮ್ಮ ತಂಡದ ಮುಖ್ಯಸ್ಥೆ ನಿಭಾಯಿಸಿದ ರೀತಿ ಹೇಳಲೇಬೇಕು. ನವೆಂಬರಿನಲ್ಲೇ ಅವಳು ಖಾಲಿ ಕ್ಯಾಲೆಂಡರ್ ತೆರೆದು ಮೊದಲು ಶಾಲೆಯ ರಜೆ ಗುರುತು ಹಾಕಿದಳು. ಆಮೇಲೆ ಕಾಂಗ್ರೆಸ್. ಶಾಲೆಗೆ ಹೋಗುವ ಮಕ್ಕಳಿರುವ ನಾವಿಬ್ಬರು ಮೊದಲರ್ಧ, ಮಂಗಳವಾರ ಸಂಜೆ ವಾಪಸ್. ಮಕ್ಕಳು ದೊಡ್ಡವರಾಗಿರುವ ಇಬ್ಬರು ಉಳಿದರ್ಧ. ಅವಳಿಗೆ ಮೂವರು ಮಕ್ಕಳು, ಅವಳು ಹೋಗುವುದೇ ಇಲ್ಲ. ಹೋಗುವುದಿಲ್ಲವೆಂದು ಮೇಲಿನವರಿಗೂ ಒಂದೇ ಸಾಲಿನಲ್ಲಿ ಬರೆದಿದ್ದಳು. ಕಟ್ಟುನಿಟ್ಟಿನ ಹೆಂಗಸು, ಕೆಲಸ ತಪ್ಪಾದರೆ ಮುಖಕ್ಕೇ ಹೇಳುತ್ತಾಳೆ. ಆದರೆ ನಾನು ಕಂಡ ಮ್ಯಾನೇಜರುಗಳಲ್ಲಿ ಇಷ್ಟು ಮುಂದಾಲೋಚನೆ ಇರುವವರು ಇನ್ನೊಬ್ಬರಿಲ್ಲ.

ಚಳಿಗಾಲದಲ್ಲಿ ಇಲ್ಲಿಂದ ಕೆಲಸದ ಮೇಲೆ ಹೊರಡುವುದಕ್ಕೆ ಬೇರೆಯೇ ಸಿದ್ಧತೆ ಬೇಕು. ಹಿಂದಿನ ರಾತ್ರಿ ಪಾರ್ಕಿಂಗ್ ಕಂಬದಿಂದ ಕಾರಿನ ಇಂಜಿನ್ ಹೀಟರಿಗೆ ವೈರ್ ಚುಚ್ಚಿ, ಟೈಮರ್ ತಿರುಗಿಸಿಟ್ಟಿರಬೇಕು, ಇಲ್ಲದಿದ್ದರೆ ಮೈನಸ್ 25ರ ಬೆಳಿಗ್ಗೆ ಇಂಜಿನ್ ಮಾತು ಕೇಳುವುದಿಲ್ಲ. ಈ ಸಲ ನಾನು ಎರಡು ಸಲ ಟೈಮರ್ ನೋಡಿ ಬಂದೆ, ಯಾಕೆಂದರೆ ಆ ಕಾರಿನಲ್ಲಿ ಹೊರಡುವವಳು ನನ್ನ ಹೆಂಡತಿ. ನಾನು ಟ್ಯಾಕ್ಸಿಯಲ್ಲಿ ವಿಮಾನ ನಿಲ್ದಾಣಕ್ಕೆ, ಅವಳು ಮಗಳನ್ನು ಕರೆದುಕೊಂಡು ಸ್ಯೋತೆ ಬೆಟ್ಟಕ್ಕೆ. ದಾವಣಗೆರೆಯ ಗೆಳೆಯರ ಕುಟುಂಬವೂ ಜೊತೆಗಿತ್ತು, ಮರದ ಮನೆಯೊಂದನ್ನು ಎರಡು ಸಂಸಾರ ಸೇರಿ ಬಾಡಿಗೆ ಹಿಡಿದಿದ್ದೆವು. ಆ ಗೆಳೆಯರ ಹೆಂಡತಿಗೆ ಸ್ಕೀಯಿಂಗ್ ಬೇಡ. ಅವರು ರೊಟ್ಟಿ, ಶೇಂಗಾ ಚಟ್ನಿಪುಡಿ, ಗೊಜ್ಜವಲಕ್ಕಿ ಕಟ್ಟಿಕೊಂಡು ಬಂದು, ಹಿಮದಿಂದ ಒಳಗೆ ಬಂದ ಮಕ್ಕಳಿಗೆಲ್ಲ ಬಡಿಸುತ್ತಾರೆ. ಅಂಥವರೊಬ್ಬರು ಜೊತೆಗಿದ್ದರೆ ಯಾವ ರಜೆಯೂ ಕೆಡುವುದಿಲ್ಲ.

ಮಂಗಳವಾರ ರಾತ್ರಿ ಹೆಲ್ಸಿಂಕಿ, ಬುಧವಾರ ಬೆಳಿಗ್ಗೆ ಔಲು. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಸುಮಾರು 140 ಕಿಲೋಮೀಟರ್. ಪುದಸ್‌ಯಾರ್ವಿ ದಾಟಿದ ಮೇಲೆ ಹಿಮಸಾರಂಗಗಳು ರಸ್ತೆ ಮಧ್ಯೆ ನಿಂತಿರುತ್ತವೆ, ಹಾರನ್ ಹೊಡೆದರೂ ಕದಲುವುದಿಲ್ಲ, ಕಾಯಬೇಕು. ಕಾಯುತ್ತಾ ಮತ್ತೆ ಅದೇ ಮಾತು. ಬರೀ ಸ್ಕೀಯಿಂಗ್‌ಗಾ? ಹೌದು, ಸ್ಕೀಯಿಂಗ್‌ಗೇ.

ಆ ಬೆಟ್ಟದ, ಅಂದರೆ ಈಸೊ-ಸ್ಯೋತೆಯ, ಎತ್ತರ 432 ಮೀಟರ್ ಮಾತ್ರ. ಸಹ್ಯಾದ್ರಿ ನೋಡಿ ಬೆಳೆದವರಿಗೆ ಅದು ಗುಡ್ಡ. ಆದರೆ ಆ ಗುಡ್ಡದ ಮೇಲೆ ಮಾರ್ಚ್ ತಿಂಗಳ ಬಿಸಿಲು ಬಿದ್ದಾಗ ನೋಡಬೇಕು. ಚಳಿಗಾಲವಿಡೀ ಮಂಜು ಹತ್ತಿ ಹತ್ತಿ, ಮರಗಳ ಮೇಲೆ ಹಿಮ ಗಟ್ಟಿಯಾಗಿ ಮೆತ್ತಿಕೊಂಡು, ಕೊಂಬೆ ಯಾವುದು, ಕಾಂಡ ಯಾವುದು ತಿಳಿಯುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಔಲುವಿನ ಹಗಲು ಮೂರೂವರೆ ಗಂಟೆ. ಬೆಳಿಗ್ಗೆ ಮಕ್ಕಳು ಕತ್ತಲಲ್ಲಿ ಶಾಲೆಗೆ ಹೋಗಿ ಕತ್ತಲಾಗುವ ಹೊತ್ತಿಗೆ ಬರುತ್ತಾರೆ. ಈಗ ಹತ್ತೂವರೆ ಗಂಟೆ ಬೆಳಕಿದೆ, ಹಿಮವೂ ಇದೆ. ಎರಡೂ ಒಟ್ಟಿಗೆ ಸಿಗುವುದು ವರ್ಷದಲ್ಲಿ ಈ ಕೆಲವೇ ವಾರ. ಈ ಜನ ಆ ರಜೆಗೆ ಯಾಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದಾರೆ ಎಂಬುದು ನನಗೆ ಅರ್ಥವಾಗಿದ್ದು ಇಲ್ಲಿ ಡಿಸೆಂಬರ್ ಕಳೆದ ಮೇಲೆಯೇ.

ಮಗಳು ಒಂದನೇ ತರಗತಿ. ಗುರುವಾರ ಬೆಳಿಗ್ಗೆ ಅವಳ ಸ್ಕೀ ಬೂಟು ಹಾಕಿಸುವ ಕೆಲಸ ನನ್ನದು. ಮೊದಲು ಉಣ್ಣೆಯ ಒಳಉಡುಪು, ಅದರ ಮೇಲೆ ಫ್ಲೀಸು, ಅದರ ಮೇಲೆ ದಪ್ಪ ಪ್ಯಾಂಟು. ಬೂಟಿನೊಳಗೆ ಕಾಲ್ಚೀಲದ ಒಂದು ಮಡಿಕೆ ಉಳಿದರೂ ಅರ್ಧ ಗಂಟೆಯಲ್ಲಿ ಕಾಲು ನೋವು ಅಂತ ಅಳು, ಅದಕ್ಕೇ ಬೆರಳು ತೂರಿಸಿ ಸವರಿ ಸರಿಮಾಡಬೇಕು. ನಾನು ನೆಲದ ಮೇಲೆ ಕೂತು ಅವಳ ಹಿಮ್ಮಡಿಯನ್ನು ತೊಡೆಗೆ ಒತ್ತಿಕೊಂಡು ಬಕಲ್ ಎಳೆಯುತ್ತಿದ್ದರೆ ಅವಳು ನನ್ನ ತಲೆ ಹಿಡಿದುಕೊಂಡು ನಿಂತಿದ್ದಳು. "ಅಪ್ಪ, ನಿನ್ನೆ ನಾನು ದೊಡ್ಡ ಹಗ್ಗದಲ್ಲಿ ಒಬ್ಬಳೇ ಹೋದೆ, ಗೊತ್ತಾ?" ಮಕ್ಕಳನ್ನು ಮೇಲಕ್ಕೆ ಎಳೆದುಕೊಂಡು ಹೋಗುವ ಲಿಫ್ಟ್ ಅದು. ಹಿಂದಿನ ದಿನ ಅವಳು ಹೋಗಿದ್ದನ್ನು ಅವಳ ಅಮ್ಮ ಕಂಡಿದ್ದಳು. ಅವತ್ತು ನಾನು ಕಂಡೆ. ಮೇಲೆ ತಲುಪಿ ಹಗ್ಗ ಬಿಟ್ಟು, ಎರಡೂ ಸ್ಕೀಯ ಮೂತಿ ಕೂಡಿಸಿ ಹಿಂಬದಿ ಅಗಲಿಸಿದಳು. ಅದಕ್ಕೆ ಮಕ್ಕಳೆಲ್ಲ ಪಿಜ್ಜಾ ಮಾಡುವುದು ಅಂತಾರೆ. ಹಾಗೇ ಇಳಿದು ಬಂದು, ನನ್ನನ್ನು ದಾಟಿ ಮುಂದೆ ಹೋಗಿ, ಬೇಲಿಯ ಬಲೆ ಹಿಡಿದು ನಿಂತಳು. ಮತ್ತೆ ಸಾಲಿಗೆ. ಮಧ್ಯಾಹ್ನದವರೆಗೂ ಇದೇ. ಆ ಹೊತ್ತಿಗೆ ಬಾರ್ಸಿಲೋನಾದಲ್ಲಿ ನಮ್ಮ ಡೆಮೊ ನಡೆಯುತ್ತಿತ್ತು. ಚೆನ್ನಾಗಿ ನಡೆಯಿತೆಂದು ಆಮೇಲೆ ತಿಳಿಯಿತು.

ನನ್ನ ಅಪ್ಪ ಸಾಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸರ್ಕಾರಿ ನೌಕರರು ನಿವೃತ್ತಿಯಾಗುವಾಗ 300 ದಿನದವರೆಗೆ ಉಳಿದ ಗಳಿಕೆ ರಜೆಯನ್ನು ದುಡ್ಡಾಗಿ ಪಡೆಯಬಹುದು. ಅಪ್ಪನ ಖಾತೆಯಲ್ಲಿ ಪೂರ್ತಿ 300 ಇತ್ತು. ಮನೆಯಲ್ಲಿ ಅದು ಹೆಮ್ಮೆಯ ಮಾತು, ಆ ದುಡ್ಡಿನಲ್ಲೇ ಅಕ್ಕನ ಮದುವೆಯ ಸಾಲ ತೀರಿತು. ಅವರ ಶಿಸ್ತನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಅವರು ರಜೆ ಹಾಕಿದ್ದು ಸಾವಿಗೆ, ಮದುವೆಗೆ, ತಿಥಿಗೆ, ಅಡಿಕೆ ಕೊಯ್ಲಿಗೆ, ಅಮ್ಮನ ಆಪರೇಷನ್‌ಗೆ. ಜೋಗ ನಮ್ಮೂರಿಂದ 30 ಕಿಲೋಮೀಟರ್. ಅಲ್ಲಿಗೆ ನಾವು ಹೋಗುತ್ತಿದ್ದುದು ನೆಂಟರು ಬಂದಾಗ. ನೆಂಟರಿಗೆ ತೋರಿಸಬೇಕಲ್ಲ, ಅದು ಕಾರಣ. ಮಳೆಗಾಲದಲ್ಲಿ ಶರಾವತಿ ತುಂಬಿದಾಗ, ಮಕ್ಕಳಿಗೆ ಖುಷಿಯಾಗಲಿ ಅಂತ ಒಂದು ದಿನ ರಜೆ ಬರೆದಿದ್ದರೆ ಸಾಹೇಬರಿಗೆ ಏನೆಂದು ಬರೆಯುತ್ತಿದ್ದರೋ! ಆ ಅರ್ಜಿಯ ಒಕ್ಕಣೆಯೇ ನಮ್ಮಲ್ಲಿ ಇರಲಿಲ್ಲ. ಶಾಲೆಯಲ್ಲಿ ನಮಗೆ ಕಲಿಸಿದ ರಜಾ ಚೀಟಿಯಲ್ಲೂ ಜ್ವರವೇ.

ಫಿನ್‌ಲ್ಯಾಂಡಿನ ಕಾನೂನು ಇದಕ್ಕೆ ಉಲ್ಟಾ ಇದೆ. ಕೆಲಸದಲ್ಲಿರುವವರೆಗೆ ವಾರ್ಷಿಕ ರಜೆಯ ಬದಲಿಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ರಜೆಯನ್ನು ರಜೆಯಾಗಿಯೇ ತೆಗೆದುಕೊಳ್ಳಬೇಕು. ನಾಲ್ಕು ವಾರ ಬೇಸಿಗೆಯಲ್ಲಿ, ಉಳಿದದ್ದು ಚಳಿಗಾಲದಲ್ಲಿ. ಕಂಪನಿ ಔದಾರ್ಯದಿಂದ ಕೊಡುವುದಲ್ಲ ಇದು, ಅದಕ್ಕೇ ಯಾರೂ ಕೈ ಮುಗಿಯುವುದಿಲ್ಲ. ನನ್ನ ಸಹೋದ್ಯೋಗಿಯ ಧೈರ್ಯಕ್ಕೆ ಬೆನ್ನೆಲುಬು ಅಲ್ಲಿದೆ ಅನ್ನುವುದು ನನಗೆ ಗೊತ್ತು. ಆದರೆ ಕಾನೂನು ರಜೆ ಕೊಡುತ್ತದೆ, ಆ ಧ್ವನಿ ಕೊಡುವುದಿಲ್ಲ. ಗ್ರಾಹಕರ ಮುಂದೆ, ಕೋಟ್ಯಂತರ ರೂಪಾಯಿಯ ಮಾತುಕತೆ ನಡುವೆ, ಮಕ್ಕಳ ಜೊತೆ ಜಾರಲು ಹೋಗುತ್ತೇನೆ ಅಂತ ಸ್ವರ ಏರದೆ ಇಳಿಯದೆ ಹೇಳಲು, ಚಿಕ್ಕಂದಿನಲ್ಲಿ ಅವನ ಅಪ್ಪನೂ ಎಲ್ಲೋ ಹಾಗೆ ಹೇಳಿದ್ದಿರಬೇಕು. ಆ ಗ್ರಾಹಕರನ್ನೂ ನಾನು ದೂರುವುದಿಲ್ಲ. ಸಂಜೆ ಹೊರಡುವಾಗ ಅವರೇ ಬಂದು ಕೈ ಕುಲುಕಿ, ತಮ್ಮ ಮಗನ ಫುಟ್‌ಬಾಲ್ ಪಂದ್ಯಗಳ ಫೋಟೊ ತೋರಿಸಿದರು. ಎಲ್ಲವೂ ಹೆಂಡತಿ ಕಳಿಸಿದ ಫೋಟೊ.

ಈ ವಾರ ನನ್ನ ಪಾಲಿನ ಕೆಲಸ ನೋಡಿಕೊಂಡವನು ಬೆಂಗಳೂರು ಕಚೇರಿಯ ಹುಡುಗ, ಮಂಡ್ಯದವನು. ಚುರುಕು, ನಂಬಿಕಸ್ಥ. ಬದಲಿಗೆ ಅವನಿಗೂ ಒಂದು ರಜೆ ಬೇಕು. ಯುಗಾದಿ ಈ ಸಲ ಗುರುವಾರ, 19ಕ್ಕೆ. ಮಾರನೇ ದಿನ ಹೊಸತೊಡಕು. ಮಂಡ್ಯದ ಕಡೆ ಹೊಸತೊಡಕು ಅಂದರೆ ಅಣ್ಣತಮ್ಮಂದಿರೆಲ್ಲ ಸೇರಿ ಬಾಡೂಟ, ಮಧ್ಯಾಹ್ನವಿಡೀ ಇಸ್ಪೀಟು. ನಿನ್ನೆ ಅವನು ರಜೆಯ ಮೇಲ್ ಬರೆದು, ಇಂಗ್ಲಿಷ್ ಸರಿಯಿದೆಯಾ ನೋಡಿ ಸರ್ ಅಂತ ನನಗೆ ಕಳಿಸಿದ್ದ. ತಾಯಿಯ ಮಂಡಿ ನೋವು, ಮೈಸೂರಿನ ಆಸ್ಪತ್ರೆ, ಜೊತೆಗೆ ಹೋಗಲು ಬೇರೆ ಯಾರೂ ಇಲ್ಲ ಎಂದು ಮೂರು ಸಾಲು.

ಫೋನ್ ಮಾಡಿದೆ. "ಅಮ್ಮಂಗೆ ಏನಾಯ್ತೋ?"

"ಏನಿಲ್ಲ ಸರ್, ಚೆನ್ನಾಗವ್ರೆ."

"ಮತ್ತೆ ಆ ಮೂರು ಸಾಲು ತೆಗೆದುಬಿಡು. ಹಬ್ಬಕ್ಕೆ ಊರಿಗೆ ಹೋಗ್ತೀನಿ ಅಂತ ಬರಿ."

"ಹೊಸತೊಡಕಿಗೆ ಅಂದ್ರೆ ಕೊಡಲ್ಲ ಸರ್. ಮಂಡಿ ನೋವು ಅಂದ್ರೆ ಕೊಡ್ತಾರೆ."

ಅವನ ಮ್ಯಾನೇಜರ್ ಒಳ್ಳೆಯ ಮನುಷ್ಯ, ಅವರೂ ಆ ಕಡೆಯವರೇ. ಸೋಮವಾರ ಅವರ ಜೊತೆ ನಾನೇ ಮಾತಾಡುತ್ತೇನೆ, ಅಲ್ಲಿಯವರೆಗೆ ಮೇಲ್ ಕಳಿಸಬೇಡ ಅಂದಿದ್ದೇನೆ. ಆಯ್ತು ಸರ್ ಅಂದ. ಆ ಮೂರು ಸಾಲನ್ನು ಮಾತ್ರ ಇನ್ನೂ ಅಳಿಸಿಲ್ಲ.